ಅಕ್ಕ ಕಟ್ಟಿದ ಬೈತಲೆ

ನನ್ನ ಅಕ್ಕನ ಅಳಿಯನಿಗೆ ಬೀದಿಯವರು ಇಟ್ಟ ಹೆಸರು ಮುಂಗೋಳಿ. ಬೆಳಗಾಗುವುದು ಎಲ್ಲರಿಗೂ ಗೊತ್ತಿರುತ್ತದೆ, ಆದರೂ ಎಲ್ಲಕ್ಕಿಂತ ಮೊದಲು ಕೂಗುವ ಕೋಳಿ ಒಂದಿರುತ್ತದಲ್ಲ, ಹಾಗೆ. ಪೇಟೆಗೆ ಹೊಸ ಯಂತ್ರ ಬಂತೆಂದರೆ ಅದು ಮೊದಲು ಅವನ ಮನೆಯ ಮೆಟ್ಟಿಲು ಹತ್ತಬೇಕು. ಬಟ್ಟೆಯನ್ನು ತಾನೇ ಒಗೆದು ತಾನೇ ಹಿಂಡುವ ಯಂತ್ರ, ತಂತಿಯಿಲ್ಲದ ಫೋನು, ಫೋಟೋದ ಹಾಗೆ ಗೋಡೆಗೆ ನೇತುಹಾಕುವ ಟೀವಿ, ಇವೆಲ್ಲ ಮೊದಲು ಕೂಗಿದ್ದು ಅಲ್ಲೇ. ಜನ ನಗುತ್ತಿದ್ದರು. ಸ್ವಲ್ಪ ಕಾಲ ಕಳೆದ ಮೇಲೆ ಅದೇ ಜನ ತಲೆ ಕೆರೆದುಕೊಂಡು ಬಂದು, ಅದು ಯಾವ ಅಂಗಡಿಯಲ್ಲಿ ಸಿಗುತ್ತಪ್ಪ ಎಂದು ಕೇಳುತ್ತಿದ್ದರು. ಅವನು ಯಾರನ್ನೂ ಹಂಗಿಸಿದವನಲ್ಲ. ಅವರ ಮನೆಗೇ ಹೋಗಿ ಜೋಡಿಸಿಕೊಟ್ಟು ಬರುತ್ತಿದ್ದ.

ಅವನ ಕಸುಬು ಲಿಫ್ಟು ರಿಪೇರಿ. ಲಿಫ್ಟಿನ ಗೂಡಿನೊಳಗೆ ಇಳಿದು ಕೆಲಸ ಮಾಡುವವರಿಗೆ ಒಂದು ಶಿಸ್ತು ಇದೆಯಂತೆ. ಒಂದು ವೈರೂ ಜೋತು ಬೀಳಕೂಡದು. ಓಡುವ ಲಿಫ್ಟಿಗೆ ಜೋತುಬಿದ್ದ ವೈರು ಸಿಕ್ಕಿಕೊಂಡರೆ ಕಥೆ ಮುಗಿಯಿತು. ಆ ಶಿಸ್ತನ್ನು ಅವನು ಮನೆಗೂ ತಂದಿದ್ದ. ಟೀವಿ ಹಾಕುವಾಗ ಗೋಡೆ ಗೀರಿ, ಪೈಪು ಹುದುಗಿಸಿ, ವೈರುಗಳನ್ನು ಅದರೊಳಗೆ ಎಳೆದು, ಮೇಲೆ ಗಾರೆ ಮೆತ್ತಿ ಬಣ್ಣ ಹೊಡೆದಿದ್ದ. ಎಲ್ಲಿ ಗೀರಿದ್ದ ಎಂದು ಕೈಯಾಡಿಸಿ ಹುಡುಕಿದರೂ ಸಿಗುತ್ತಿರಲಿಲ್ಲ. ನಾನು ಹುಡುಕಿದ್ದೇನೆ.

ಅಕ್ಕನ ಮಗಳೂ ಅವನಿಗೆ ತಕ್ಕ ಜೋಡಿ. ಅವಳು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಬಂದವರ ಮೂಗಿನ ಮೇಲೆ ಗಾಜು ಬದಲಿಸಿ ಬದಲಿಸಿ, ಇದು ಚೆನ್ನಾಗಿದೆಯಾ, ಅದು ಚೆನ್ನಾಗಿತ್ತಾ ಎಂದು ಕೇಳುವುದು ಅವಳ ದಿನದ ಮಾತು. ಮನೆಯಲ್ಲಿ ಸಾರಿಗೆ ಉಪ್ಪು ಹಾಕಿದರೂ ಹಾಗೇ ಕೇಳುತ್ತಿದ್ದಳು.

ಆ ವರ್ಷ ಬಂದದ್ದು ಹೊಸ ಥರದ ಡಿಸ್ಕ್ ಪ್ಲೇಯರು. ನೋಡುವುದಕ್ಕೆ ಡಿಸ್ಕು ಹಳೆಯದರಷ್ಟೇ ಅಗಲ, ಅಷ್ಟೇ ತೆಳುವು. ಆದರೆ ಅದರೊಳಗಿನ ಚಿತ್ರ ಹಳೆಯದಕ್ಕಿಂತ ಎಷ್ಟೋ ಪಾಲು ನಿಚ್ಚಳ, ಮುಖದ ಮೇಲಿನ ಬೆವರಿನ ಹನಿಯೂ ಕಾಣುತ್ತದೆ ಎನ್ನುತ್ತಿದ್ದ ಮುಂಗೋಳಿ. ಊರಿನಲ್ಲಿ ಅದು ಇನ್ನೂ ಯಾರ ಮನೆಯಲ್ಲೂ ಇರಲಿಲ್ಲ. ಅಂಗಡಿಯವನು ಇವನೊಬ್ಬನ ಮಾತಿಗೆ ಒಂದನ್ನು ತರಿಸಿದ್ದ. ಅದಕ್ಕೆ ಸಿಗುತ್ತಿದ್ದ ಡಿಸ್ಕುಗಳೂ ಬೆರಳೆಣಿಕೆಯಷ್ಟು. ಆ ಬೆರಳೆಣಿಕೆಯಲ್ಲಿ ಒಂದು ಹಳೆಯ ಸಿನಿಮಾ ಇತ್ತು. ಅದನ್ನು ಕಂಡವನೇ ಅಂಗಡಿಯಿಂದಲೇ ಅಕ್ಕನಿಗೆ ಫೋನು ಮಾಡಿದ. ನಿಮ್ಮ ಮುದುಕಿ ಸಿಕ್ಕಳು ಅತ್ತೆ, ಭಾನುವಾರ ನೋಡೋಣ ಅಂದ.

ಫೋನು ಇಟ್ಟ ಮೇಲೆ ಅಕ್ಕ ಆ ಮಧ್ಯಾಹ್ನ ಸರಿಯಾಗಿ ಊಟ ಮಾಡಲಿಲ್ಲ. ಯಾಕೆ ಎಂದು ಹೇಳಬೇಕಾದರೆ ನಮ್ಮ ಕಸುಬನ್ನು ಸ್ವಲ್ಪ ಹೇಳಬೇಕು.

ನಾನೂ ಅಕ್ಕನೂ ಟೋಪನ್ ಕಟ್ಟುವವರು. ನಾಟಕದವರು, ಸಿನಿಮಾದವರು ತಲೆಗೆ ಹಾಕಿಕೊಳ್ಳುವ ಕೂದಲು; ಈಗಿನವರು ವಿಗ್ಗು ಅನ್ನುತ್ತಾರೆ. ಕೂದಲು ತೊಳೆದು, ಮೊಳೆ ಹೊಡೆದ ಹಲಗೆಯಲ್ಲಿ ಎಳೆದು ಸಿಕ್ಕು ಬಿಡಿಸಿ, ಬುಡ ಯಾವುದು ತುದಿ ಯಾವುದು ಎಂದು ಬೇರೆ ಮಾಡಿ ಕೊಡುವುದು ನನ್ನ ಪಾಲು. ಮರದ ತಲೆಗೆ ಸಣ್ಣ ಕಣ್ಣಿನ ಬಲೆ ಬಿಗಿದು, ಕೊಕ್ಕೆ ಸೂಜಿಯಿಂದ ಒಂದೊಂದು ಕಣ್ಣಿಗೂ ಕೂದಲು ಗಂಟು ಹಾಕುವುದು ಅಕ್ಕನ ಪಾಲು. ಶಾಲೆಯ ಬಾಗಿಲು ನಾನು ನೋಡಿ ಬಂದವನು, ಅಕ್ಕ ಅದನ್ನೂ ನೋಡಿದವಳಲ್ಲ. ಅವಳಿಗೆ ಓದು ಬರಹ ಎಲ್ಲ ಆ ಸೂಜಿಯ ತುದಿಯಲ್ಲೇ.

ಆ ಸಿನಿಮಾದಲ್ಲಿ ಹರೆಯದ ಹುಡುಗಿ ಎಪ್ಪತ್ತರ ಮುದುಕಿಯಾಗುತ್ತಾಳೆ. ಅವಳಿಗೊಂದು ಮುದುಕಿಯ ಟೋಪನ್ ಬೇಕಿತ್ತು. ದಟ್ಟ ಕೂದಲಿನದು ಕಟ್ಟುವುದು ಸುಲಭ, ಕೂದಲ ಅಡಿಯಲ್ಲಿ ಬಲೆ ಮುಚ್ಚಿಹೋಗುತ್ತದೆ. ಮುದುಕಿಯ ತಲೆ ಹಾಗಲ್ಲ. ಕೂದಲು ಉದುರಿರಬೇಕು, ಬೈತಲೆ ಅಗಲವಾಗಿರಬೇಕು, ಬೈತಲೆಯಲ್ಲಿ ತಲೆಯ ಚರ್ಮ ಕಾಣಬೇಕು. ಚರ್ಮ ಕಾಣಬೇಕಾದ ಕಡೆ ಬಲೆಯೋ ಗಂಟೋ ಕಂಡರೆ ಆಟ ಕೆಟ್ಟಿತು. ಅದಕ್ಕೆ ಒಂದು ಕಣ್ಣಿಗೆ ಒಂದೇ ಎಳೆ ಹಾಕಬೇಕು, ಗಂಟು ಬಲೆಯ ದಾರದೊಳಗೇ ಅಡಗಿಹೋಗಬೇಕು.

ಆ ಸಿನಿಮಾದ ಮೇಕಪ್ಪಿನ ಯಜಮಾನ ಬಂದು ನೋಡಿದ. ಇದೆಲ್ಲ ಯಾರಿಗೆ ಕಾಣುತ್ತಮ್ಮ, ಕ್ಯಾಮೆರಾಗೆ ಅಷ್ಟು ಕಣ್ಣಿಲ್ಲ, ನಾಲ್ಕು ಎಳೆ ಸೇರಿಸಿ ಗಂಟು ಹಾಕಿ ಬೇಗ ಕೊಡು ಅಂದ. ಅಕ್ಕ ಕೇಳಲಿಲ್ಲ. ಒಂದು ಬೇಸಿಗೆ ಪೂರ್ತಿ ಆ ಬೈತಲೆಯ ಮುಂದೆ ಕೂತಳು. ಅವರ ಚಿತ್ರೀಕರಣ ಇವಳಿಗಾಗಿ ಕಾಯಬೇಕಾಯಿತು. ಆಮೇಲೆ ಸಿನಿಮಾದವರು ಯಾರೂ ನಮ್ಮನ್ನು ಕರೆಯಲಿಲ್ಲ. ಅವಳ ಕೈ ನಿಧಾನ ಅನ್ನುವ ಹೆಸರು ಬಿತ್ತು. ಶಾಲೆ ನಾಟಕದ ಗಡ್ಡಮೀಸೆ, ಬೊಂಬೆಗಳ ಜಡೆ, ಕಾಯಿಲೆಯಲ್ಲಿ ಕೂದಲು ಉದುರಿದವರ ಟೋಪನ್, ಇವೇ ಆಮೇಲೆ ನಮ್ಮ ಹೊಟ್ಟೆ ಹೊರೆದವು.

ಆ ಬೇಸಿಗೆಯ ಕೆಲಸವನ್ನು ತೆರೆಯ ಮೇಲೆ ನಾವು ಕಣ್ಣು ತುಂಬ ನೋಡಿದ್ದೇ ಇಲ್ಲ. ಸಿನಿಮಾ ನಮ್ಮೂರಿಗೆ ಬರುವ ಹೊತ್ತಿಗೆ ಅದರ ಪ್ರತಿ ಹತ್ತೂರು ಓಡಿ ಸವೆದು, ಪರದೆಯ ಮೇಲೆಲ್ಲ ಗೀರು. ಆಮೇಲೆ ಟೇಪಿನಲ್ಲಿ ನೋಡಿದೆವು. ಅದರಲ್ಲಿ ಮುದುಕಿಯ ತಲೆ ಒಂದು ಬಿಳಿ ಉಂಡೆ, ಅಷ್ಟೆ. ಮುಂಗೋಳಿಯ ತಾಯಿ, ಅಂದರೆ ನಮ್ಮ ಬೀಗಿತ್ತಿ, ಅದನ್ನು ನೋಡಿ, ಇದಕ್ಕೇನಾ ಒಂದು ಬೇಸಿಗೆ ಕೂತದ್ದು, ದಿಂಬು ಹರಿದು ತಲೆ ಮೇಲೆ ಹತ್ತಿ ಸುರಿದ ಹಾಗಿದೆಯಲ್ಲ ಅಂದಿದ್ದರು. ಅಕ್ಕನಿಗೂ ಅವರಿಗೂ ಅಂಥ ಮಾತು ಕೊಟ್ಟು ತೆಗೆದುಕೊಳ್ಳುವುದು ರೂಢಿ. ಅವರು ಮೇಲಿನ ಮನೆ, ನಾವು ಕೆಳಗಿನ ಮನೆ. ಮೆಟ್ಟಿಲ ಮೇಲೆ ಎದುರಾದರೆ ಮಾತಿಗೆ ಮಾತು ಸಿಡಿಯದೆ ಇಬ್ಬರೂ ದಾಟಿದವರಲ್ಲ. ಅಕ್ಕ ಆ ಹತ್ತಿಯ ಮಾತಿಗೂ ಏನೋ ಒಂದು ತಿರುಗಿಸಿಕೊಟ್ಟಿದ್ದಳು.

ಆದರೆ ಅದು ಒಳಗೆ ನಾಟಿತ್ತು. ಈಚೀಚೆಗೆ ಕೊಕ್ಕೆ ಸೂಜಿ ಹಿಡಿದು ಕೂತವಳು ಇದ್ದಕ್ಕಿದ್ದ ಹಾಗೆ ಹೇಳುತ್ತಿದ್ದಳು, ನಾಲ್ಕೆಳೆ ಹಾಕಿದ್ದರೂ ಆಗುತ್ತಿತ್ತೇನೋ, ನನ್ನ ಹಟಕ್ಕೆ ನಿನ್ನ ಅನ್ನವನ್ನೂ ಕಳೆದೆ ಅಂತ. ನಾನು ಏನೂ ಹೇಳುತ್ತಿರಲಿಲ್ಲ. ಏನು ಹೇಳಲಿ, ನನಗೂ ಗೊತ್ತಿರಲಿಲ್ಲ. ಮಸುಕು ಚಿತ್ರದಲ್ಲಿ ಒಂದು ಅನುಕೂಲ ಇತ್ತು, ಕೆಲಸ ಒಳ್ಳೆಯದಾಗಿತ್ತು ಎಂದು ನಂಬಿಕೊಳ್ಳಬಹುದಾಗಿತ್ತು. ನಿಚ್ಚಳ ಚಿತ್ರದಲ್ಲಿ ಬಲೆಯೂ ಗಂಟೂ ಎದ್ದು ಕಂಡರೆ, ಒಂದು ಜನ್ಮದ ಹಟ ಬರೀ ಮೊಂಡುತನವಾಗಿತ್ತು ಎಂದು ಒಪ್ಪಿಕೊಳ್ಳಬೇಕು. ಅಕ್ಕನ ಗಂಟಲಲ್ಲಿ ಅನ್ನ ಇಳಿಯದ್ದು ಅದಕ್ಕೆ.

ಭಾನುವಾರ ಊಟ ಮುಗಿಸಿ ಮೇಲಿನ ಮನೆಗೆ ಹೋದೆವು. ಡಬ್ಬ ನಡುಮನೆಯಲ್ಲಿ ಕೂತಿತ್ತು. ಮುಂಗೋಳಿ ಕೈ ತೊಳೆದು ಒರೆಸಿಕೊಂಡು ಅದರ ಮುಂದೆ ಕೂತ. ನನಗೆ ಅವನಲ್ಲಿ ಮೆಚ್ಚುಗೆ ಅದೇ, ಯಂತ್ರಕ್ಕೆ ಮರ್ಯಾದೆ ಕೊಡುತ್ತಾನೆ. ಅಂಟುಪಟ್ಟಿಯನ್ನು ಹರಿಯದೆ ಬಿಡಿಸಿದ. ಬಿಳಿ ಥರ್ಮೋಕೋಲ್ ದಿಮ್ಮಿಗಳ ನಡುವಿನಿಂದ ಕರಿಯ ಪೆಟ್ಟಿಗೆಯನ್ನು ಮಗುವನ್ನು ತೊಟ್ಟಿಲಿಂದ ಎತ್ತುವ ಹಾಗೆ ಎತ್ತಿದ. ಭಾರ ಇತ್ತು, ಹಿಡಿದು ನೋಡಿ ಮಾವ ಎಂದು ನನ್ನ ಕೈಗೂ ಕೊಟ್ಟ. ಅವನ ಹೆಂಡತಿ ಕೈಪಿಡಿ ತೆಗೆದು ಮೊದಲ ಪುಟದಿಂದ ಓದತೊಡಗಿದಳು, ಅವನು ಕೇಳುತ್ತ ಕೂತ. ಪೂರ್ತಿ ಓದಿ ಮುಗಿಯದೆ ಒಂದು ಗುಂಡಿ ಒತ್ತುವುದಿಲ್ಲ ಎನ್ನುವುದು ಅವರಿಬ್ಬರ ನೇಮ.

ಬೀಗಿತ್ತಿ ಕುರ್ಚಿಯಲ್ಲಿ ಕೂತು ನೋಡುತ್ತಿದ್ದವರು, ಮದುವೆಗೆ ಮುಂಚೆ ಹುಡುಗಿಯ ವಿಷಯ ಕೂಡ ನನ್ನ ಮಗ ಇಷ್ಟು ವಿಚಾರಿಸಲಿಲ್ಲ ಅಂದರು. ಬೇರೆ ದಿನವಾಗಿದ್ದರೆ ಅಕ್ಕ, ನಾವು ಹುಡುಗಿಯ ಜೊತೆ ಪುಸ್ತಕ ಕೊಟ್ಟಿರಲಿಲ್ಲ ನೋಡಿ ಎಂದು ಕೊಟ್ಟೇಬಿಡುತ್ತಿದ್ದಳು. ಅವತ್ತು ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ಕೂತಿದ್ದಳು. ಬೀಗಿತ್ತಿ ಒಂದು ಗಳಿಗೆ ಕಾದು, ಉತ್ತರ ಬರದ್ದಕ್ಕೆ ತಾವೇ ಪೆಚ್ಚಾದರು.

ಗೋಡೆಯ ಒಳಗಿಂದ ಬಂದ ವೈರುಗಳು ಮೊದಲೇ ಅಲ್ಲಿದ್ದವು. ಕೆಂಪು, ಬಿಳಿ, ಹಳದಿ ಮೂತಿಯ ಮೂರು. ಮುಂಗೋಳಿ ಅವನ್ನು ಹೊಸ ಪೆಟ್ಟಿಗೆಯ ಬೆನ್ನಿಗೆ ಸಿಕ್ಕಿಸಿ, ಎಲ್ಲ ನೀಟಾಗಿದೆಯೇ ಎಂದು ಬಗ್ಗಿ ನೋಡಿ, ಗುಂಡಿ ಒತ್ತಿದ. ಒಳಗೆ ಸಣ್ಣ ಫ್ಯಾನೊಂದು ಹೊಯ್ಯೆಂದಿತು. ದಯವಿಟ್ಟು ಕಾಯಿರಿ ಎನ್ನುವ ಅಕ್ಷರ ಬಂತಂತೆ, ಅಕ್ಕನ ಮಗಳು ಓದಿ ಹೇಳಿದಳು. ಕಾದೆವು. ಡಿಸ್ಕು ಹಾಕಿದ ಮೇಲೂ ಕಾಯಿರಿ. ಬೀಗಿತ್ತಿ, ಸರ್ಕಾರಿ ಆಫೀಸು ಮನೆ ಬಾಗಿಲಿಗೇ ಬಂತಲ್ಲೋ ಮಗ ಅಂದರು.

ಕಡೆಗೆ ಚಿತ್ರ ಬಂತು. ಎಲ್ಲರೂ ಮುಂದಕ್ಕೆ ಬಾಗಿದೆವು. ಬಾಗಿಯೇ ಇದ್ದೆವು. ಬಣ್ಣ ಒಂದು ಚೂರು ಗಾಢವಾಗಿದೆ ಅಲ್ಲವಾ ಮಾವ, ಅಂದ ಮುಂಗೋಳಿ. ಹೌದಪ್ಪ ಅಂದೆ. ಅವನ ಮುಖ ನೋಡಿದರೆ ಇಲ್ಲ ಅನ್ನಲು ಮನಸ್ಸು ಬರಲಿಲ್ಲ. ಅವನು ಚಿತ್ರವನ್ನು ಮುಂದೆ ಓಡಿಸಿ ಮುದುಕಿ ಬರುವ ಕಡೆ ನಿಲ್ಲಿಸಿದ. ಟೇಪಿನಲ್ಲಿ ಕಂಡ ಅದೇ ಬಿಳಿ ಉಂಡೆ.

ಅಕ್ಕ ಹಿಡಿದಿಟ್ಟಿದ್ದ ಉಸಿರು ಬಿಟ್ಟದ್ದು ನನಗೆ ಪಕ್ಕದಲ್ಲೇ ಕೇಳಿಸಿತು. ಚೆನ್ನಾಗಿದೆ ಕಣಪ್ಪ, ಒಳ್ಳೇ ಮಿಷನ್ನು ತಂದೆ, ಎಲ್ಲರಿಗೂ ಟೀ ಮಾಡ್ತೀನಿ ಎಂದು ಎದ್ದಳು. ಅಷ್ಟು ಹಗುರಾಗಿ ಅವಳು ಎದ್ದದ್ದನ್ನು ಆ ವಾರದಲ್ಲಿ ನಾನು ಕಂಡಿರಲಿಲ್ಲ.

ಅವಳ ಮಗಳಿಗೆ ಮಾತ್ರ ಸಮಾಧಾನವಿಲ್ಲ. ಒಂದು ಕಣ್ಣು ಮುಚ್ಚಿ ನೋಡಿದಳು, ಇನ್ನೊಂದು ಮುಚ್ಚಿ ನೋಡಿದಳು. ಹಳೆಯ ಪ್ಲೇಯರಿನಲ್ಲಿ ಒಂದು ಹಳೆ ಡಿಸ್ಕು ಹಾಕಿ, ವೈರನ್ನು ಅದಕ್ಕೊಮ್ಮೆ ಇದಕ್ಕೊಮ್ಮೆ ಸಿಕ್ಕಿಸಿ ತೋರಿಸಿ, ಇದು ಚೆನ್ನಾಗಿದೆಯಾ, ಅದು ಚೆನ್ನಾಗಿತ್ತಾ ಎಂದು ನಮ್ಮನ್ನೆಲ್ಲ ಸಾಲಾಗಿ ಕೇಳಿದಳು. ಯಾರಿಗೂ ಹೇಳಲಾಗಲಿಲ್ಲ.

"ರೀ, ಅಂಗಡೀಲಿ ಎರಡೂ ಒಂದೇ ಥರ ಕಾಣ್ತಿದೆ ಅಂದ್ರೆ, ನಾನು ಗಾಜು ಹಾಕೋದನ್ನೇ ಮರೆತಿದ್ದೀನಿ ಅಂತ ಅರ್ಥ" ಅಂದಳು.

ಡಬ್ಬವನ್ನು ಮತ್ತೆ ತಡಕಿದಳು. ಅಡಿಯಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಚಪ್ಪಟೆ ಮೂತಿಯ ದಪ್ಪ ವೈರೊಂದು ಸುರುಳಿ ಸುತ್ತಿಕೊಂಡು ಮಲಗಿತ್ತು. ಗೋಡೆಯೊಳಗೆ ವೈರು ಇಲ್ಲದವರಿಗೆ ಅಂತ ಕೊಟ್ಟಿದ್ದಾರೆ ಅಂದುಕೊಂಡು ಅವನೇ ಎತ್ತಿಟ್ಟಿದ್ದನಂತೆ. ಅವಳು ಕೈಪಿಡಿಯ ಒಂದು ಪುಟ ತಿರುವಿ ಜೋರಾಗಿ ಓದಿದಳು. ಹೊಸ ನಿಚ್ಚಳ ಚಿತ್ರ ಆ ಚಪ್ಪಟೆ ಮೂತಿಯ ವೈರಿನಲ್ಲಿ ಮಾತ್ರ ಹರಿಯುತ್ತದೆ. ಮೂರು ಬಣ್ಣದ ಹಳೆ ವೈರಿನಲ್ಲಿ ಹಾಯಿಸಿದರೆ ಹಳೆ ಚಿತ್ರವೇ. ಇದನ್ನು ಆಗಲೇ ಓದಿದ್ದೆನಲ್ಲ ಅಂದಳು. ಆ ಪುಟ ಬಂದಾಗ ಅವನು ಎದ್ದು ಗೋಡೆಯ ವೈರುಗಳ ಧೂಳು ಒರೆಸುತ್ತಿದ್ದ.

ಮುಂಗೋಳಿ ಗೋಡೆಯನ್ನೇ ನೋಡುತ್ತ ನಿಂತ. ಅವನು ಅಷ್ಟು ಮುತುವರ್ಜಿಯಿಂದ ಹುದುಗಿಸಿದ ಪೈಪು ಈ ಮೂತಿಗೆ ಸಾಲದು. ಮುಂದಿನ ವಾರ ರಜೆ ಹಾಕಿ ಗೋಡೆ ಗೀರಿ ದೊಡ್ಡ ಪೈಪು ಹಾಕುತ್ತೇನೆ, ಅಲ್ಲಿತನಕ ಹೀಗೇ ಇರಲಿ ಅಂದ. ವೈರನ್ನು ಗೋಡೆಯ ಮೇಲೆ ಜೋತಾಡಿಸುವ ಮಾತು ಅವನ ಬಾಯಿಂದ ಹೊರಡಲೇ ಇಲ್ಲ.

ಅಡಿಗೆಮನೆ ಬಾಗಿಲಲ್ಲಿ ಅಕ್ಕ ಟೀ ಪಾತ್ರೆ ಹಿಡಿದು ನಿಂತಿದ್ದಳು. ಗೋಡೆ ಯಾಕೆ ಒಡೀತೀಯ, ಈಗ ಕಾಣೋದೇ ಸಾಕು ಅಂದಳು. ದನಿ ಮಾತ್ರ ಅವಳದಾಗಿರಲಿಲ್ಲ. ಮಗಳು ತಾಯಿಯ ಮುಖವನ್ನು ನೋಡಿದಳು. ಕಣ್ಣು ಪರೀಕ್ಷಿಸುವ ಅಕ್ಷರದ ಹಲಗೆಯ ಮುಂದೆ ಕೂರಲು ಅಂಜುವವರನ್ನು ದಿನಾ ನೋಡುವವಳು ಅವಳು. ಕೈಪಿಡಿ ಮುಚ್ಚಿಟ್ಟಳು.

ಅಕ್ಕ ಪಾತ್ರೆಯನ್ನು ಕೆಳಗಿಟ್ಟಳು.

"ಆ ವೈರು ಹಾಕಿದ್ರೆ ಎಲ್ಲಾ ಕಾಣುತ್ತಾ?"

"ಕಾಣುತ್ತೆ ಅತ್ತೆ."

"ಗಂಟೂ?"

ಅವನಿಗೆ ಸುಳ್ಳು ಹೇಳಲು ಬರುವುದಿಲ್ಲ. ಅದು ಇಡೀ ಬೀದಿಗೆ ಗೊತ್ತು. "ಇದ್ರೆ ಕಾಣುತ್ತೆ" ಅಂದ.

ಅಕ್ಕ ಬಂದು ನನ್ನ ಪಕ್ಕ ಕೂತಳು. ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಸೂಜಿ ಹಿಡಿದು ಹಿಡಿದು ಬಲಗೈ ತೋರುಬೆರಳು ಪಕ್ಕಕ್ಕೆ ಸೊಟ್ಟಗಾಗಿದೆ ಅವಳಿಗೆ. ಅದನ್ನು ಎಡಗೈಯಲ್ಲಿ ಮುಚ್ಚಿಕೊಂಡಳು.

"ಗೋಡೆ ಒಡೀಬೇಡ. ಈಗಲೇ ಹಾಕು. ಜೋತು ಬಿದ್ರೆ ಬೀಳಲಿ. ಇನ್ನೊಂದು ವಾರ ಇದನ್ನ ಹೊಟ್ಟೇಲಿ ಇಟ್ಕೊಂಡು ಕೂರೋದು ನನ್ನ ಕೈಲಾಗಲ್ಲ."

ಮುಂಗೋಳಿ ಕುರ್ಚಿ ಹತ್ತಿ ಟೀವಿಯನ್ನು ಗೋಡೆಯಿಂದ ಸ್ವಲ್ಪ ಎತ್ತಿ, ಚಪ್ಪಟೆ ಮೂತಿಯನ್ನು ಅದರ ಬೆನ್ನಿಗೆ ಒತ್ತಿದ. ಇನ್ನೊಂದು ತುದಿಯನ್ನು ಪೆಟ್ಟಿಗೆಗೆ. ಆ ನುಣುಪು ಗೋಡೆಯ ಮೇಲೆ ಕರಿಯ ವೈರು ಸೊಟ್ಟಂಪಟ್ಟ ಇಳಿಬಿತ್ತು. ಅದನ್ನು ಒಂದು ಸಲ ನೋಡಿ, ಮುಖ ತಿರುಗಿಸಿಕೊಂಡು ಬಂದು ಕೂತ. ಅತ್ತೆಯ ಮೇಲೆ ಅವನಿಗಿದ್ದ ಅಕ್ಕರೆ ಎಷ್ಟು ಎಂದು ನನಗೆ ಅವತ್ತು ತಿಳಿಯಿತು.

ಮಗಳು ಟೀವಿಯಲ್ಲಿ ಏನೋ ಬದಲಿಸಿದಳು. ಮತ್ತೆ ಕಾಯಿರಿ. ಆಮೇಲೆ ಚಿತ್ರ ಬಂತು.

ಅದನ್ನು ಹೇಗೆ ಹೇಳಲಿ. ಗೋಡೆಯಲ್ಲಿ ಯಾರೋ ಕಿಟಕಿ ತೆರೆದ ಹಾಗಾಯಿತು. ಆ ಸಿನಿಮಾದ ಮನೆಯ ಬಾಗಿಲಿನಲ್ಲಿ ಮರದ ಗೆರೆಗಳು, ಮೇಜಿನ ಮೇಲೆ ಲೋಟ ಇಟ್ಟೆತ್ತಿದ ಒದ್ದೆಯ ಉಂಗುರ, ಪರದೆಯ ಬಟ್ಟೆಯಲ್ಲಿ ಎಳೆ ಬಿಟ್ಟ ಹೊಲಿಗೆ. ಸರ್ಕಾರಿ ಆಫೀಸು ಅಂದಿದ್ದ ಬೀಗಿತ್ತಿ ಎರಡೂ ಕಾಲು ಕುರ್ಚಿಯ ಮೇಲೆ ಎಳೆದುಕೊಂಡು, ಬಾಯಿ ಸ್ವಲ್ಪ ತೆರೆದು ನೋಡುತ್ತಿದ್ದರು. ಮುಂಗೋಳಿ ಈ ಸಲ ನನ್ನನ್ನು ಏನೂ ಕೇಳಲಿಲ್ಲ, ಕೇಳುವ ಅಗತ್ಯವಿರಲಿಲ್ಲ. ಇಂಥದ್ದು ಬರುತ್ತದೆ ಎಂದು ಕಾಣದೆಯೇ ನಂಬಿ, ಎಲ್ಲರ ನಗುವನ್ನು ಹೊತ್ತುಕೊಂಡು ಮೊದಲು ಮನೆಗೆ ತರುವುದಕ್ಕೂ ಒಂದು ಎದೆ ಬೇಕು.

ಮುದುಕಿ ಬಂದಳು. ನಮಗೆ ಬೆನ್ನು ಮಾಡಿ ಕಿಟಕಿಯ ಹತ್ತಿರ ಕೂತಿದ್ದಾಳೆ. ಮೊಮ್ಮಗಳು ಹಿಂದೆ ನಿಂತು ಅವಳ ತಲೆ ಬಾಚುತ್ತಾಳೆ. ಬಾಚಣಿಗೆಯ ತುದಿಯಿಂದ ಬೈತಲೆ ತೆಗೆದಳು. ಕ್ಯಾಮೆರಾ ಮೇಲಿನಿಂದ ಹತ್ತಿರ ಹತ್ತಿರ ಹೋಯಿತು. ಅಗಲವಾದ ಬೈತಲೆ, ಅದರಲ್ಲಿ ಚರ್ಮ, ಚರ್ಮದಿಂದ ಒಂಟಿ ಒಂಟಿಯಾಗಿ ಎದ್ದ ಎಳೆಗಳು, ಕಿಟಕಿಯ ಬೆಳಕಿಗೆ ಒಂದೆರಡು ಮೇಲೆದ್ದು ಅಲುಗುತ್ತಿವೆ. ನಾನು ಬಲೆಗಾಗಿ ಹುಡುಕಿದೆ. ನನ್ನ ಹಲಗೆಯಲ್ಲಿ ನಾನೇ ಬೆರೆಸಿದ ಬೂದು, ಬಿಳಿ, ಹಳದಿ ತಿರುಗಿದ ಬಿಳಿ, ಕತ್ತಿನ ಹತ್ತಿರ ಉಳಿಸಿದ ಒಂದಿಷ್ಟು ಕಪ್ಪು, ಎಲ್ಲ ಗುರುತು ಸಿಕ್ಕಿತು. ಬಲೆ ಸಿಗಲಿಲ್ಲ.

ಬೀಗಿತ್ತಿ ಮೆಲ್ಲಗೆ ಹೇಳಿದರು, ಇದು ಆ ನಟಿ ಅಲ್ಲ, ಬೆನ್ನಲ್ವಾ ಕಾಣೋದು ಅಂತ ಯಾರೋ ನಿಜವಾದ ಮುದುಕೀನೇ ತಂದು ಕೂರಿಸಿದ್ದಾರೆ ಅಂತ. ಬೀಗಿತ್ತಿಯವರೇ, ನಿಮ್ಮ ವಿಗ್ಗು ಯಾವಾಗ ಬರೋದು ಎಂದೂ ಕೇಳಿದರು. ಹಂಗಿಸುವ ದನಿಯಲ್ಲ, ನಿಜವಾಗಿಯೂ ತಿಳಿಯದೆ ಕೇಳಿದ್ದು. ಅಕ್ಕನ ಕಣ್ಣು ಟೀವಿಯ ಮೇಲೇ ನೆಟ್ಟಿತ್ತು, ರೆಪ್ಪೆ ಕೂಡ ಬಡಿಯುತ್ತಿರಲಿಲ್ಲ.

ಆಗ ಮುದುಕಿ ಇತ್ತ ತಿರುಗಿದಳು. ಮುಖದ ತುಂಬ ಪೆನ್ಸಿಲಿನ ಗೀಟು. ಹಣೆಯ ಮೇಲೆ ಎಳೆದ ಸುಕ್ಕು, ಕತ್ತಿನ ಮಡಿಕೆಯಲ್ಲಿ ಒಡೆದ ಪೌಡರು, ಅದರ ಕೆಳಗೆ ಹರೆಯದ ನುಣುಪು ಚರ್ಮ. ಆ ಮೇಕಪ್ಪಿನ ಯಜಮಾನ ತನ್ನ ಕ್ಯಾಮೆರಾದ ಕಣ್ಣನ್ನು ಎಷ್ಟು ನಂಬಿದ್ದನೋ ಅಷ್ಟೇ ಕೆಲಸ ಮಾಡಿದ್ದ.

ಬೀಗಿತ್ತಿಗೆ ಅದು ನಿಧಾನವಾಗಿ ತಲೆಗೆ ಹತ್ತಿತು. ಇದು ಆ ನಟಿಯೇ ಅಂದರು. ಮುಖಕ್ಕೆ ಬಳಿದಿದ್ದಾರೆ ಅಂದರು. ಆಮೇಲೆ ಅವರ ಕೈ ತಾನಾಗಿ ತಮ್ಮ ತಲೆಯ ಬೈತಲೆಗೆ ಹೋಯಿತು. ಬೆರಳಿನಿಂದ ಅದನ್ನು ಮುಟ್ಟಿ ನೋಡಿಕೊಳ್ಳುತ್ತ ಅಕ್ಕನ ಕಡೆ ತಿರುಗಿದರು.

"ಹಾಗಾದ್ರೆ ಈ ತಲೆ ನೀವು ಮಾಡಿದ್ದಾ?"

ಅಳಿಯ ಚಿತ್ರವನ್ನು ಹಿಂದಕ್ಕೆ ತಂದು ಬೈತಲೆಯ ಮೇಲೆ ನಿಲ್ಲಿಸಿದ. ಅಕ್ಕ ಎದ್ದು ಹತ್ತಿರ ಹೋದಳು. ಮರದ ತಲೆಯ ಮೇಲಿನ ಕೆಲಸವನ್ನು ಹೇಗೆ ನೋಡುತ್ತಾಳೋ ಹಾಗೇ, ಮೊದಲು ಎದುರಿನಿಂದ, ಆಮೇಲೆ ಕತ್ತು ಓರೆ ಮಾಡಿ ಪಕ್ಕದಿಂದ, ಹಣೆಯಿಂದ ನೆತ್ತಿಯವರೆಗೆ ಒಂದೊಂದೇ ಎಳೆ ನೋಡುತ್ತ ಹೋದಳು. ಯಾರೂ ಅವಸರ ಮಾಡಲಿಲ್ಲ. ಬೀಗಿತ್ತಿಯೂ ಎದ್ದು ಹೋಗಿ ಅವಳ ಪಕ್ಕ ನಿಂತರು.

ನೆತ್ತಿಯ ಹತ್ತಿರ ಒಂದು ಕಡೆ ಅಕ್ಕ ಬೆರಳಿಟ್ಟಳು. ಇಲ್ಲಿ ಒಂದೇ ಕಣ್ಣಿಗೆ ಎರಡು ಎಳೆ ಬಿದ್ದಿದೆ ಅಂದಳು. ನಾವೆಲ್ಲ ಹೋಗಿ ನೋಡಿದೆವು. ಕನ್ನಡಕದ ಅಂಗಡಿಯವಳು ಎರಡು ಕಣ್ಣೂ ಬದಲಿಸಿ ಬದಲಿಸಿ ನೋಡಿದಳು. ಯಾರಿಗೂ ಕಾಣಲಿಲ್ಲ. ಬೀಗಿತ್ತಿಗೆ ರೇಗಿತು. ನಾನು ಇಷ್ಟು ಹೊತ್ತು ಅದು ನಿಜವಾದ ತಲೆ ಅಂತ ಕೂತಿದ್ದೆ, ಈಗ ನೀವು ತಪ್ಪು ಹುಡುಕ್ತೀರಲ್ಲ, ಸುಮ್ನೆ ಬಂದು ಕೂತ್ಕೊಳ್ಳಿ ಎಂದು ಅಕ್ಕನ ರಟ್ಟೆ ಹಿಡಿದು ಕರೆತಂದು ತಮ್ಮ ಕುರ್ಚಿಯಲ್ಲೇ ಕೂರಿಸಿದರು.

ಅಕ್ಕ ನನ್ನ ಕಡೆ ನೋಡಿದಳು. ಕಣ್ಣು ಒದ್ದೆಯಾಗಿತ್ತು, ಮುಖ ಮಾತ್ರ ನಗುತ್ತಿತ್ತು.

"ಆ ಬೇಸಿಗೆ ನಾವು ಸರಿಯಾಗೇ ಕೂತಿದ್ವಿ ಕಣೋ" ಅಂದಳು.

ನಾನು ತಲೆಯಾಡಿಸಿದೆ. ಅಷ್ಟು ವರ್ಷ ಕೊಡಲಾಗದೆ ಇದ್ದ ಉತ್ತರ ಅದು. ಅವಳೇ ಹೇಳಿಕೊಂಡಳು, ಅದೇ ಸರಿ.

ಆಮೇಲೆ ಅವಳು ಕಾಲು ಮಡಿಸಿಕೊಂಡು, ಸೆರಗು ಸರಿಮಾಡಿಕೊಂಡು ಕೂತು, ಮೊದಲಿಂದ ಹಾಕಪ್ಪ ಅಂದಳು ಅಳಿಯನಿಗೆ. ಈ ಸಿನಿಮಾವನ್ನು ಎಷ್ಟೋ ಸಲ ನೋಡಿದ್ದಾಳೆ, ಆದರೆ ನೋಡಿದಾಗಲೆಲ್ಲ ಆ ತಲೆಯೊಂದನ್ನೇ ನೋಡಿದ್ದಳಂತೆ. ಕಥೆ ಏನು, ಆ ಹುಡುಗಿ ಯಾಕೆ ಒಂಟಿಯಾದಳು, ಮೊಮ್ಮಗಳು ಎಲ್ಲಿಂದ ಬಂದಳು, ಒಂದೂ ಅವಳಿಗೆ ಗೊತ್ತಿರಲಿಲ್ಲ. ಬೀಗಿತ್ತಿ ಸಂಭ್ರಮದಿಂದ, ಅದಾ, ಅವಳ ಗಂಡ ಏನು ಮಾಡ್ತಾನೆ ಗೊತ್ತಾ ಎಂದು ಶುರು ಮಾಡಿದರು.

"ನೀವು ಹೇಳ್ಬೇಡಿ ಬೀಗಿತ್ತಿಯವರೇ, ನಾನು ನೋಡ್ತೀನಿ" ಅಂದಳು ಅಕ್ಕ.